ಮುದುಡಲೊಲ್ಲದ ಮರ

ಎಂಬತ್ತರ ದಶಕದ ಆರಂಭದಲ್ಲಿ ಮಧುಗಿರಿಯ ಕಾಲೇಜಿನಲ್ಲಿದ್ದುಕೊಂಡು ಕಂಪ್ಯೂಟರ್ ಕೆಲಸ ಮಾಡಿದೆ ಎಂದರೆ, ಈಗ ಹೊಸದಾಗಿ ಲೆಕ್ಚರರ್ ಆಗಿ ಬರುತ್ತಿರುವವರು ಕೇಳುವ ಮೊದಲ ಪ್ರಶ್ನೆ, ‘ಆಗಲೇ ಅಲ್ಲಿ ಕಂಪ್ಯೂಟರ್ ಇತ್ತಾ ಮೇಡಂ?’ ಇರಲಿಲ್ಲ. ಯಂತ್ರ ಬೆಂಗಳೂರಿನಲ್ಲಿತ್ತು, ನಾನು ಮಧುಗಿರಿಯಲ್ಲಿದ್ದೆ, ನಡುವೆ ಒಂದು ಬಸ್ಸು ಓಡಾಡುತ್ತಿತ್ತು. ವಾರವೆಲ್ಲ ಬಿ.ಎಸ್ಸಿ. ಮಕ್ಕಳಿಗೆ ಭೌತಶಾಸ್ತ್ರ ಹೇಳುವುದು, ಹದಿನೈದು ದಿನಕ್ಕೊಂದು ಶನಿವಾರ ಬೆಂಗಳೂರಿನ ಸಂಶೋಧನಾ ಸಂಸ್ಥೆಗೆ ಹೋಗಿ ನನ್ನ ಪ್ರೋಗ್ರಾಂ ಓಡಿಸುವುದು. ಇದು ನನ್ನ ಪಿಎಚ್.ಡಿ.

ನನಗೆ ಯಾವಾಗ ಬಡ್ತಿ ಬಂತು, ಯಾವ ಊರಿಗೆ ವರ್ಗವಾಯಿತು ಎಂಬುದೆಲ್ಲ ಸರ್ವೀಸ್ ರಿಜಿಸ್ಟರಿನಲ್ಲಿದೆ; ಬೇಕಾದವರು ಅಲ್ಲೇ ಓದಿಕೊಳ್ಳಲಿ. ನಾನು ಬರೆಯಬೇಕೆಂದು ಕೂತಿರುವುದು ಒಂದು ತಪ್ಪಿನ ಬಗ್ಗೆ. ತಪ್ಪು ಎಲ್ಲರೂ ಮಾಡುತ್ತಾರೆ. ನನ್ನದು ವಾದದಲ್ಲಿ ಗೆದ್ದ ತಪ್ಪು. ಅಂಥದ್ದು ಹೆಚ್ಚು ಅಪಾಯದ್ದು, ಹೆಚ್ಚು ರುಚಿಯದ್ದು ಕೂಡ.

ಮೊದಲು ಸಮಸ್ಯೆ ಏನೆಂದು ಹೇಳಿಬಿಡುತ್ತೇನೆ. ಪಾಲಿಮರ್ ಎಂದರೆ ಸಣ್ಣ ಸಣ್ಣ ಅಣುಗುಂಪುಗಳು ಮಣಿಯಂತೆ ಪೋಣಿಸಿಕೊಂಡ ಉದ್ದನೆಯ ಸರ. ಕೆಲವು ನೆಟ್ಟಗೆ ದಾರದಂತಿರುತ್ತವೆ, ಕೆಲವು ಮರದಂತೆ ಕವಲೊಡೆದಿರುತ್ತವೆ. ಇವನ್ನು ಒಗ್ಗುವ ದ್ರಾವಕದಲ್ಲಿ ಹಾಕಿದರೆ ಕೈಕಾಲು ಚಾಚಿ ಹರಡಿಕೊಳ್ಳುತ್ತವೆ. ಒಗ್ಗದ ದ್ರಾವಕದಲ್ಲಿ ಹಾಕಿದರೆ ದ್ರಾವಕದ ಸಹವಾಸವೇ ಬೇಡವೆಂದು ತಮ್ಮ ಮಣಿಗಳನ್ನೇ ತಾವು ಅಪ್ಪಿಕೊಳ್ಳುತ್ತವೆ. ದಾರದಂಥವು ಹಾಗೆ ಉಂಡೆಯಾಗುತ್ತವೆ ಎಂಬುದು ಆಗಲೇ ಗೊತ್ತಿತ್ತು. ಕವಲಿನವು? ಯಾವ ಹಂತದಲ್ಲಿ, ಹೇಗೆ ಮುದುಡುತ್ತವೆ? ಇದನ್ನು ಕಂಪ್ಯೂಟರಿನೊಳಗೆ ಆಡಿಸಿ ನೋಡುವುದು ನನ್ನ ಕೆಲಸ.

ನನ್ನ ಗೈಡ್ ಅವರನ್ನು ಇಲ್ಲಿ ಮೇಷ್ಟ್ರು ಎಂದಷ್ಟೇ ಕರೆಯುತ್ತೇನೆ. ಅವರು ಇದೇ ಪ್ರಶ್ನೆಗೆ ಪೆನ್ನು ಕಾಗದದಲ್ಲಿ ಉತ್ತರ ಕಂಡುಕೊಂಡಿದ್ದರು. ನಾಲ್ಕು ವರ್ಷದ ಲೆಕ್ಕ. ಕವಲಿನ ಪಾಲಿಮರೂ ಮುದುಡುತ್ತದೆ, ಇಂಥ ಹಂತದಲ್ಲೇ ಮುದುಡುತ್ತದೆ ಎಂದು ಆ ಲೆಕ್ಕ ಹೇಳುತ್ತಿತ್ತು. ನಿವೃತ್ತಿಗೆ ಕೆಲವು ತಿಂಗಳು ಉಳಿದಿದ್ದವು. ಲೇಖನ ಟೈಪಾಗಿ ಮೇಜಿನ ಮೇಲಿತ್ತು. ನನ್ನ ಕಂಪ್ಯೂಟರಿನ ಸಾಕ್ಷಿ ಸೇರಿಸಿ ಕಳಿಸುವುದೊಂದೇ ಬಾಕಿ.

ಸಾಕ್ಷಿಗೆ ಅವರು ಆರಿಸಿಕೊಂಡದ್ದು ನನ್ನನ್ನು. ನಾನು ಸಿರಾದವಳು. ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ಚೀಟಿಯಲ್ಲಿ ಯಾವುದು ಬಂದರೂ ಗೆದ್ದು ಬರುತ್ತಿದ್ದೆ. ನಮ್ಮನ್ನು ತಯಾರು ಮಾಡುತ್ತಿದ್ದ ಉರ್ದು ಮೇಷ್ಟ್ರು, ‘ಆವಾಜ್ ಬೇಡಮ್ಮ, ದಲೀಲ್ ಕೊಡು’ ಎನ್ನುತ್ತಿದ್ದರು; ದನಿಯಲ್ಲ, ಪುರಾವೆ. ನನ್ನ ಬಳಿ ಎರಡೂ ಇದ್ದವು. ಯಾರು ಏನು ಹೇಳಿದರೂ ‘ಪುರಾವೆ ಎಲ್ಲಿ?’ ಎನ್ನುವುದು ಉಸಿರಾಟದಷ್ಟೇ ಸಲೀಸಾಗಿತ್ತು.

ಇನ್ನು ಯಂತ್ರ. ಫೋರ್ಟ್ರಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಕಾರ್ಡು. ಕಾರ್ಡಿನ ತುಂಬ ತೂತು. ಯಂತ್ರ ಆ ತೂತುಗಳನ್ನೇ ಓದುತ್ತಿತ್ತು. ಕಾರ್ಡುಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂರುತ್ತಿದ್ದೆ. ಒಮ್ಮೆ ಕೊರಟಗೆರೆಯಲ್ಲಿ ಕಂಡಕ್ಟರು ತಡೆದ.

“ಏನಮ್ಮಾ ಪೆಟ್ಗೇಲಿ?”

“ಕಾರ್ಡು.”

“ಮದ್ವೆ ಕಾರ್ಡಾ? ಇಷ್ಟೊಂದು ಜನ್ವಾ?”

ತೆರೆದು ತೋರಿಸಿದೆ. ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. “ಎಲ್ಲಾನೂ ಇಲಿ ಕಡ್ದಾಕೈತಲ್ಲಮ್ಮ. ಬೆಂಗ್ಳೂರ್ಗಂಟ ಯಾಕ್ ಹೊತ್ಕಂಡೋಯ್ತಿಯ?”

ಅವನ ಪ್ರಶ್ನೆಯಲ್ಲಿ ನ್ಯಾಯವಿತ್ತು. ಅಷ್ಟು ದೂರ ಹೊತ್ತು ಹೋಗಿ ಕೊಟ್ಟರೆ, ಒಂದು ಅಲ್ಪವಿರಾಮ ತಪ್ಪಿದೆ ಎಂದು ಯಂತ್ರ ಇಡೀ ಪ್ರೋಗ್ರಾಮನ್ನು ಹೊರಗೆ ಉಗುಳುತ್ತಿತ್ತು. ಮತ್ತೆ ಹದಿನೈದು ದಿನ. ನನಗೆ ಸಿಗುತ್ತಿದ್ದದ್ದೇ ಕೆಲವು ನಿಮಿಷಗಳ ಯಂತ್ರದ ಸಮಯ. ಆದ್ದರಿಂದ ಪ್ರೋಗ್ರಾಂ ಬರೆಯುವ ಮೊದಲು ಅದು ಮಾಡಬೇಕಾದ್ದನ್ನೆಲ್ಲ ಮಧುಗಿರಿಯ ಲ್ಯಾಬಿನ ನೆಲದ ಮೇಲೆ ಕೈಯಾರೆ ಆಡಿ ನೋಡುವುದೆಂದು ತೀರ್ಮಾನಿಸಿದೆ. ಇವತ್ತಿಗೂ ನಾನು ಹೆಮ್ಮೆಪಡುವ ಪದ್ಧತಿ ಅದು. ನನ್ನನ್ನು ಕೆಡವಿದ್ದೂ ಅದೇ.

ಈ ಆಟದಲ್ಲಿ ನನ್ನ ಜೊತೆಗಾರ ಲ್ಯಾಬಿನ ಅಟೆಂಡರ್ ಕರಿಯಣ್ಣ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಹಿರಿಯ. ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಕಡೆಯ ಒಂದು ಹಟ್ಟಿಯವನು. ಕುರಿ ಸಾಕಿ ಕಂಬಳಿ ನೇಯುವ ಮನೆ. ಕಂಬಳಿಯ ನೂಲಿಗೆ ಹುಣಸೆ ಬೀಜ ಅರೆದು ಕುದಿಸಿದ ಅಂಟು ಹಚ್ಚುತ್ತಾರಲ್ಲ, ಆ ಬೀಜವನ್ನೇ ಅವನು ಒಂದು ಚೀಲ ತಂದುಕೊಟ್ಟ. ನೆಲದ ಕಪ್ಪು ಚಪ್ಪಡಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕ ಚೌಕವಾಗಿ ಮನೆ ಬರೆದೆವು. ಒಂದು ಬೀಜ ಎಂದರೆ ಒಂದು ಮಣಿ. ಇಪ್ಪತ್ತು ಬೀಜವನ್ನು ಮರದ ಆಕಾರಕ್ಕೆ ಜೋಡಿಸುವುದು. ಡಬ್ಬಿಯೊಳಗಿನ ಚೀಟಿ ಎತ್ತಿ, ಬಂದ ನಂಬರಿನ ಬೀಜ ಮರದ ತುದಿಯಲ್ಲಿದ್ದರೆ ಅದನ್ನು ಕಿತ್ತು ಇನ್ನೊಂದು ಕಡೆ ಅಂಟಿಸುವುದು. ಯಾವ ಬೀಜಕ್ಕೆ ಎಂದು ಮತ್ತೊಂದು ಚೀಟಿ, ಯಾವ ದಿಕ್ಕಿಗೆ ಎಂದು ಗರ. ಗರಕ್ಕೆ ಒಂದು ದೊಡ್ಡದು ಒಂದು ಚಿಕ್ಕದು ಎರಡು ಹುಣಸೆ ಬೀಜ, ಒಂದು ಬದಿ ಕಲ್ಲಿನ ಮೇಲೆ ಬೆಳ್ಳಗೆ ತೇಯ್ದದ್ದು. ನಮ್ಮ ಕಡೆ ಚೌಕಾಬಾರ ಆಡುವುದೂ ಹೀಗೆ ತೇಯ್ದ ಬೀಜದಲ್ಲೇ. ತೇಯ್ದ ಮುಖ ಬೀಳುವುದು ಹೆಚ್ಚೋ ಕಮ್ಮಿಯೋ ಎಂದು ನನಗೆ ಅನುಮಾನ. ಎರಡು ದಿನ ಬರೀ ಬೀಜ ಎಸೆದು ಬರೆದಿಟ್ಟೆ. ಹೆಚ್ಚು ಬೀಳುತ್ತಿತ್ತು. ಸರಿಹೋಗುವವರೆಗೆ ಬೇರೆ ಬೇರೆ ಬೀಜ ತೇಯಿಸಿದೆ. ಕರಿಯಣ್ಣ ಬೆರಳು ನೋಡಿಕೊಂಡು, “ನಮ್ಮೂರಾಗೆ ಜೂಜಾಡೋರೂ ಇಷ್ಟ್ ಅನ್ಮಾನ ಪಡಾಕಿಲ್ಲ ಮೇಡಮ್ಮೋರೆ” ಎಂದ.

ಬೀಜ ಬೀಜ ಅಕ್ಕಪಕ್ಕ ಬಂದರೆ ಅದು ಸೆಳೆತ. ಒಗ್ಗದ ದ್ರಾವಕ ಎಂದರೆ ಸೆಳೆತ ಜಾಸ್ತಿ. ಅಂಟಿಕೊಂಡ ಬೀಜವನ್ನು ಬಿಡಿಸುವ ನಡೆ ಬಂದರೆ ಸುಲಭಕ್ಕೆ ಒಪ್ಪಬಾರದು. ಇನ್ನೊಂದು ಚೀಟಿ ಎತ್ತಿ ಅದು ಒಪ್ಪಿಗೆ ಕೊಟ್ಟರೆ ಮಾತ್ರ ನಡೆಸಬೇಕು. ಪ್ರತಿ ನಡೆಯ ನಂತರ ಮರ ಎಷ್ಟು ಅಗಲ ಹರಡಿದೆ ಎಂದು ಅಳೆದು ನಾನು ಹೇಳುತ್ತಿದ್ದೆ, ಕರಿಯಣ್ಣ ಬರೆಯುತ್ತಿದ್ದ.

“ಹದಿನಾಲ್ಕು,” ಚೀಟಿ ಬಿಡಿಸಿ ನಾನು ಎನ್ನುತ್ತಿದ್ದೆ.

“ಅದು ನಡೂಕೈತೆ. ಕಿತ್ರೆ ಮರ ಎಲ್ಡಾಯ್ತದೆ.”

“ಹಾಗಾದರೆ ಬೇಡ.”

“ಈ ಗರ ನಡೀಲಿಲ್ಲ, ಬುಡಿ. ಇನ್ನೊಂದ್ ಹಾಕಿ.”

ಇನ್ನೊಂದು ಹಾಕುತ್ತಿದ್ದೆ. ಓದುಗರೇ, ತಪ್ಪು ಇಲ್ಲೇ ಇದೆ. ನನಗೆ ಕಾಣಲಿಲ್ಲ. ಚೌಕಾಬಾರ ಆಡಿ ಬೆಳೆದ ಯಾರಿಗೂ ಕಾಣುತ್ತಿರಲಿಲ್ಲ. ಕಾಯಿ ಕದಲದಿದ್ದರೆ ಏನೂ ಆಗಲಿಲ್ಲ ಎಂದೇ ನಮಗೆ ಅರ್ಥ. ನೆಲದ ಮೇಲಿನ ಈ ನಿಯಮವೇ ಹಾಗೆಯೇ ಕಾರ್ಡಿಗೆ ಇಳಿಯಿತು: ನಡೆ ಒಪ್ಪಿಗೆಯಾಗದಿದ್ದರೆ ಬರೆಯಬೇಡ, ಹಿಂದಕ್ಕೆ ಹೋಗು, ಮತ್ತೆ ಗರ ಹಾಕು.

ಯಂತ್ರ ವಿಧೇಯವಾಗಿ ಹಾಗೇ ಮಾಡಿತು. ನೂರಾರು ಮಣಿಗಳ ಮರ, ಲಕ್ಷಾಂತರ ಗರ. ಸೆಳೆತ ಹೆಚ್ಚಿಸಿದೆ. ಮರ ಮುದುಡಲಿಲ್ಲ. ಇನ್ನೂ ಹೆಚ್ಚಿಸಿದೆ. ಸ್ವಲ್ಪ ಕುಗ್ಗಿ ಹಾಗೇ ನಿಂತಿತು, ಮೊಂಡು ಹಿಡಿದ ಕುರಿಯಂತೆ. ಆ ಪ್ರಿಂಟೌಟನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಬಂದೆನಲ್ಲ, ಆ ಮೂರೂವರೆ ಗಂಟೆಯ ಸಂತೋಷಕ್ಕೆ ಸಮನಾದ್ದು ಆಮೇಲಿನ ಸರ್ವೀಸಿನಲ್ಲಿ ಒಂದೆರಡು ಸಲ ಸಿಕ್ಕಿರಬಹುದು. ಯಾರೂ ಕಾಣದ್ದನ್ನು ಕಂಡಿದ್ದೆ!

ಪರೀಕ್ಷಿಸದೆ ಕುಣಿದೆ ಎಂದುಕೊಳ್ಳಬೇಡಿ. ಯಂತ್ರದ ಗರ ನ್ಯಾಯವಾಗಿದೆಯೇ ಎಂದು ನೋಡಿದೆ. ಅಕ್ಕಪಕ್ಕದ ಮಣಿಗಳ ಎಣಿಕೆಯನ್ನು ಕೈಯಲ್ಲಿ ತಾಳೆ ಹಾಕಿದೆ. ಸೆಳೆತವೇ ಇಲ್ಲದಾಗ ಬರುವ ಉತ್ತರ ಬೇರೆಯವರು ಆಗಲೇ ಕಂಡುಕೊಂಡಿದ್ದ ಉತ್ತರಕ್ಕೆ ಹೆಚ್ಚುಕಮ್ಮಿ ಹೊಂದುತ್ತಿತ್ತು. ಇನ್ನೇನು ಬೇಕು?

ಸಂಸ್ಥೆಯ ಸೆಮಿನಾರಿನಲ್ಲಿ ಇದನ್ನು ಮಂಡಿಸಿದಾಗ ಮೇಷ್ಟ್ರೇ ಎದ್ದು ನಿಂತು ಕೇಳಿದರು. “ನೆಟ್ಟಗಿನ ದಾರವೇ ಉಂಡೆಯಾಗುತ್ತೆ. ಕವಲಿನದು ಮೊದಲೇ ಒತ್ತೊತ್ತಾಗಿರುತ್ತೆ. ಅದು ಯಾಕಮ್ಮ ಆಗಲ್ಲ?”

“ಕವಲೇ ಅಡ್ಡ ಬರುತ್ತೆ ಸಾರ್. ನಮ್ಮ ಕಡೆ ಬೇಲಿಗೆ ಜಾಲಿ ಕಂಪೆ, ಮುಳ್ಳುಕೊಂಬೆ, ಹಾಕ್ತಾರೆ. ದಾರವನ್ನು ಮುಷ್ಟಿಯಲ್ಲಿ ಉಂಡೆ ಮಾಡಬಹುದು. ಜಾಲಿ ಕಂಪೆಯನ್ನು ಮಾಡಿ ನೋಡೋಣ.”

ಸಭೆ ನಕ್ಕಿತು. ನಾನು ಬಿಡಲಿಲ್ಲ. ಅವರ ಲೆಕ್ಕದಲ್ಲಿ ಎಲ್ಲೆಲ್ಲಿ ‘ಅಂದಾಜಿಗೆ’ ಎಂದು ಬರೆದಿದ್ದರೋ ಅಲ್ಲೆಲ್ಲ ಬೆರಳಿಟ್ಟೆ. ಹೌದು, ಎಲ್ಲರೆದುರಿಗೆ. ಕೊನೆಗೆ ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಆಯ್ತಮ್ಮ, ವಾದ ನಿನ್ನದೇ” ಎಂದರು. ಅದೇ ಸಂಜೆ ಟೈಪಾದ ತಮ್ಮ ಲೇಖನವನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದರು. “ನಿನ್ನದು ಬರಿ, ಕಳಿಸೋಣ. ನನ್ನದು ಹೋಗಲಿ.” ನಾನು ಬಾಗಿಲು ದಾಟುವಾಗ ಇಷ್ಟು ಸೇರಿಸಿದರು: “ಯಂತ್ರ ಕೇಳಿದ್ದಾಯ್ತು. ಒಂದ್ಸಲ ಪಾತ್ರೇನೂ ಕೇಳಿ ನೋಡು.”

ನಿಜವಾದ ಕವಲಿನ ಪಾಲಿಮರನ್ನು ನಿಜವಾದ ದ್ರಾವಕದಲ್ಲಿ ನೋಡು ಎಂಬುದು ಅವರ ಮಾತಿನ ಅರ್ಥ. ಸೋತವರ ಸಮಾಧಾನ ಎಂದುಕೊಂಡೆ. ಆದರೂ ಸೋಮವಾರ ಕರಿಯಣ್ಣನಿಗೆ ಹೇಳಿದಾಗ ಅವನು ತಕ್ಷಣ, “ನಮ್ಮವ್ವನ ಅಂಟಿನ ಮಡಕೆ ನೋಡ್ಬೇಕು ನೀವು” ಎಂದ. ಹುಣಸೆ ಬೀಜದ ಅಂಟು ಕವಲಿನ ಪಾಲಿಮರೇ! ಚೀಲಗಟ್ಟಲೆ ಬೀಜ ಕಾಲ ಕೆಳಗಿಟ್ಟುಕೊಂಡು ಅದನ್ನು ನಾನು ಬರೀ ಕಾಯಿ ಎಂದುಕೊಂಡು ಆಡುತ್ತಿದ್ದೆ.

ಭಾನುವಾರ ಪಾವಗಡದ ಬಸ್ಸು ಹತ್ತಿ ಹಟ್ಟಿಗೆ ಹೋದೆವು. ಕರಿಯಣ್ಣನ ತಾಯಿ ಕೆಂಚಮ್ಮ ಅಂಗಳದಲ್ಲಿ ನೂಲು ಚಾಚಿಕೊಂಡು ಅಂಟು ಹಚ್ಚುತ್ತಿದ್ದಳು. ತೆಲುಗು ಕನ್ನಡ ಎರಡೂ ಒಂದೇ ಉಸಿರಿನಲ್ಲಿ ಬರುತ್ತಿದ್ದ ಬಾಯಿ.

“ರಾಮ್ಮಾ, ಬಾ, ಕೂಕೋ. ಇಷ್ಟ್ ಓದಿರೋಳು ಅಂಟು ನೋಡಾಕೆ ಬಂದವಳೆ ಅಂದ್ರೆ ಎವರು ನಂಬ್ತಾರೆ?”

ನೀರಿನಲ್ಲಿ ಅಂಟು ನುಣ್ಣಗೆ ಎಳೆಯುತ್ತಿತ್ತು. ಇದಕ್ಕೆ ಒಗ್ಗದ್ದು ಯಾವುದೆಂದು ನಾನು ಕೇಳಿದ್ದಕ್ಕೆ ಬಟ್ಟಲಿಗೆ ಒಂದಿಷ್ಟು ಹಾಕಿ ಅದರ ಮೇಲೆ ಸಾರಾಯಿ ಸುರಿದಳು. ಕರಿಯಣ್ಣ ಬೇರೆ ಕಡೆ ನೋಡತೊಡಗಿದ. ನೋಡನೋಡುತ್ತಿದ್ದಂತೆ ಅಂಟು ನೀರನ್ನು ಬಿಟ್ಟುಕೊಟ್ಟು ಬೆಳ್ಳಗೆ ಎಳೆ ಎಳೆಯಾಗಿ, ಗಂಟು ಗಂಟಾಗಿ ಕುಗ್ಗಿತು.

“ಚೂಡು, ಮುದುಡ್ಕಂಡ್ಬುಡ್ತು. ನಮ್ ಚಿಕ್ಕೋನು ಕುಡ್ಕಂಡ್ ಬಂದು ಮಡ್ಕೆಗೇ ಚೆಲ್ಲಿದ್ದ. ಎಲ್ಡ್ ದಿನದ್ ಕೆಲ್ಸ ಹಾಳು.”

ನನ್ನೊಳಗಿನ ವಾದ ಎದ್ದು ಕೂತಿತು. “ಅಮ್ಮಾ, ಇದು ಒಂದು ಕಣ ಮುದುಡಿದ್ದಲ್ಲ. ಕೋಟಿ ಕಣ ಒಂದಕ್ಕೊಂದು ಅಂಟಿಕೊಂಡದ್ದು. ಎರಡೂ ಬೇರೆ.”

“ಅದೆಲ್ಲ ನಾಕಾಣೆ. ಮುದುಡ್ತೋ ಇಲ್ವೋ?”

“ಮುದುಡಿತು. ಆದರೆ...”

“ಆದ್ರೆ ಗೀದ್ರೆ ಬೆಂಗ್ಳೂರ್ನಾಗ್ ಮಡ್ಕೋ.”

ನನ್ನ ವಾದ ಸರಿಯೇ ಇತ್ತು. ಇವತ್ತೂ ಅದಕ್ಕೇ ಅಂಟಿಕೊಳ್ಳುತ್ತೇನೆ. ಆ ಬಟ್ಟಲು ಏನನ್ನೂ ಸಾಬೀತು ಮಾಡಲಿಲ್ಲ. ಆದರೂ ಮತ್ತೆ ಆ ಬಟ್ಟಲಿನ ಕಡೆ ನೋಡಲಾಗಲಿಲ್ಲ. ಮುಖ ತಿರುಗಿಸಿ ಎದುರಿನ ಹೊಲ ನೋಡಿದೆ. ರಾಗಿ ಹೊಲ. ಎಲ್ಲ ಕಡೆ ಸಾಧಾರಣ, ಒಂದು ಹೊಲ ಮಾತ್ರ ಕಡುಹಸಿರು, ಮೊಣಕಾಲಿಗಿಂತ ಮೇಲೆ. ಅದೇಕೆ ಹಾಗೆ ಎಂದೆ.

“ಮಂದೆ ಕೂರ್ಸಿದ್ವಿ” ಎಂದ ಕರಿಯಣ್ಣ. ಗೊಬ್ಬರಕ್ಕೆಂದು ಕುರಿಮಂದೆಯನ್ನು ಹೊಲದಿಂದ ಹೊಲಕ್ಕೆ ಕೂರಿಸುತ್ತಾ ಹೋಗುವುದು ಅಲ್ಲಿಯ ರೂಢಿ. “ಮೊದ್ಲು ಗೌಡ್ರ ಹೊಲ, ಆಮ್ಯಾಕೆ ಈ ಹೊಲ, ಆಮ್ಯಾಕೆ ಆ ಬೇವಿನ್ ಮರದ್ ಹೊಲ, ಕೆರೆ ಹಿಂದ್ಲುದು. ನಾಕ್ರಾಗೂ ಕೂತಿತ್ತು.”

“ನಾಲ್ಕರಲ್ಲೂ ಕೂತಿದ್ದರೆ ಇದೊಂದೇ ಯಾಕೆ ಹೀಗೆ? ನಾಲ್ಕೂ ಒಂದೇ ಥರ ಬರಬೇಕಲ್ಲ?” ಪುರಾವೆ ಕೇಳುವ ಚಟ.

ಕೆಂಚಮ್ಮ ಕುಂಚ ಕೆಳಗಿಟ್ಟಳು. “ಲೇ, ಹೊಲದ್ ಹೆಸ್ರು ಹೇಳ್ಬುಟ್ರೆ ಆಗೋಯ್ತೇನ್ಲಾ? ಎಷ್ಟ್ ದಿನ ಕೂತಿತ್ತು ಅಂತ ಹೇಳು. ಮಿಕ್ಕಿದ್ರಾಗೆ ಒಂದೊಂದ್ ದಿನ. ಇದ್ರಾಗೆ ಮಳೆ ಹಿಡ್ಕಂಡು ಒಂಬತ್ ದಿನ, ಎಬ್ಬುಸುದ್ರೂ ಏಳ್ಲಿಲ್ಲ. ಹಿಕ್ಕೆ ಬೀಳೋದು ಕೂತಾಗ ಕಣಮ್ಮ, ಎದ್ದೋದಾಗಲ್ಲ.”

ನಾನು ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ. ಕರಿಯಣ್ಣ ಹೇಳಿದಂತೆ ಹೊಲಗಳ ಹೆಸರನ್ನಷ್ಟೇ ಪಟ್ಟಿ ಮಾಡಿದರೆ ನಾಲ್ಕು ಹೊಲವೂ ಸಮ. ನನ್ನ ಪ್ರೋಗ್ರಾಂ ಮಾಡುತ್ತಿದ್ದದ್ದು ಅದನ್ನೇ. ಮರ ಮುದುಡಿದಾಗ ಬೀಜಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ, ನೂರು ಗರ ಹಾಕಿದರೂ ಯಾವ ನಡೆಯೂ ಒಪ್ಪಿಗೆಯಾಗುವುದಿಲ್ಲ. ಮರ ಆ ನೂರು ಗರದಷ್ಟು ಕಾಲವೂ ಮುದುಡಿ ಕೂತಿದೆ. ನಾವು ಅದನ್ನು ಬರೆದದ್ದು ಒಂದು ಸಲ. ಅಪ್ಪಿತಪ್ಪಿ ಸಡಿಲವಾಗಿ ಒಂದು ಗಳಿಗೆ ಹರಡಿಕೊಂಡರೆ ಅದಕ್ಕೂ ಒಂದು ಸಲ. ಸರಾಸರಿ ತೆಗೆದರೆ ಮರ ಹೇಗೆ ಮುದುಡೀತು? ಅದು ಮುದುಡೇ ಇತ್ತು. ಅದು ಸುಮ್ಮನೆ ಕೂತ ಹೊತ್ತನ್ನೆಲ್ಲ ನಾನು ‘ನಡೀಲಿಲ್ಲ, ಬಿಡು’ ಎಂದು ಬಿಸಾಕಿದ್ದೆ.

ಮಾರನೆಯ ದಿನ ತರಗತಿಗೆ ಮೊದಲೇ ಲ್ಯಾಬಿನ ನೆಲದ ಮುಂದೆ ಕೂತೆವು. ಸೆಳೆತ ಜೋರಾಗಿಟ್ಟು, ಈ ಸಲ ಪ್ರತಿ ಗರವನ್ನೂ ಬರೆಯುವುದೆಂದು ಹೇಳಿದೆ.

“ನಡೀಲಿಲ್ಲ. ಹಿಂದಿನ್ ಅಂಕೀನೇ ಬರೀಲಾ?”

“ಬರೀರಿ.”

“ಮತ್ತೂ ಅದೇ.”

“ಅದನ್ನೇ ಬರೀರಿ.”

“ಪುಟವೆಲ್ಲ ಒಂದೇ ಅಂಕಿ ಆಯ್ತು. ನೋಡ್ದೋರು ಕಾಪಿ ಹೊಡ್ದವ್ರೆ ಅಂತಾರೆ ಮೇಡಮ್ಮೋರೆ.”

ನನಗೆ ಅಳು ನಗು ಒಟ್ಟಿಗೇ ಬಂತು. ಇಡೀ ಪೆಟ್ಟಿಗೆಯಲ್ಲಿ ಬದಲಾಯಿಸಬೇಕಾದದ್ದು ಒಂದೇ ಒಂದು ಕಾರ್ಡು. ಹಿಂದಕ್ಕೆ ಹೋಗು ಎಂದಿದ್ದ ಕಡೆ, ಬರೆದುಕೊಂಡು ಹೋಗು.

ಶನಿವಾರದ ಬಸ್ಸಿನಲ್ಲಿ ಕೊರಟಗೆರೆ ಬರುವವರೆಗೆ ನಾನು ಒಂದು ನೀಚ ಯೋಚನೆಯಲ್ಲಿದ್ದೆ, ಮುಚ್ಚಿಡುವುದಿಲ್ಲ. ನನ್ನ ಲೇಖನ ಸಿದ್ಧವಾಗಿತ್ತು. ಮೇಷ್ಟ್ರು ಒಪ್ಪಿಯಾಗಿತ್ತು, ಸಭೆ ಚಪ್ಪಾಳೆ ತಟ್ಟಿಯಾಗಿತ್ತು. ಸುಮ್ಮನಿದ್ದರೆ ಡಾಕ್ಟರೇಟ್ ನನ್ನದು. ಸುಮ್ಮನಿರುವುದರ ಪರವಾಗಿ ಐದು ಒಳ್ಳೆಯ ಅಂಶಗಳು ಹೊಳೆದವು, ಅಭ್ಯಾಸಬಲ. ಆದರೆ ಆ ಬೀಗ ಹಾಕಿದ ಕಪಾಟಿನೊಳಗೆ ನಾಲ್ಕು ವರ್ಷ ಕೂತಿತ್ತು. ಅವರು ಅದನ್ನು ಹಾಗೇ ಬಿಟ್ಟು ನಿವೃತ್ತರಾಗಿ ಹೋಗುತ್ತಿದ್ದರು, ನನ್ನ ಬಾಯಿಗೆ ಹೆದರಿ.

ಹೋಗಿ ಹೇಳಿದೆ. ಅವರು ಒಪ್ಪಲಿಲ್ಲ.

“ಕವಲು ಅಡ್ಡ ಬರುತ್ತೆ ಅಂದೆಯಲ್ಲ? ಜಾಲಿ ಕಂಪೆ? ನಾನೂ ಆಮೇಲೆ ಯೋಚಿಸಿದೆ, ಅದರಲ್ಲಿ ಅರ್ಥ ಇದೆ.”

“ಜಾಲಿ ಕಂಪೆ ಬರೀ ಮಾತು ಸಾರ್. ಕಂಪೆಯ ಕೊಂಬೆ ಬಾಗಲ್ಲ, ಪಾಲಿಮರ್ ಬಾಗುತ್ತೆ.”

“ಸೆಳೆತ ಇಲ್ಲದಾಗ ಉತ್ತರ ಸರಿ ಬಂತಲ್ಲ?”

“ಸೆಳೆತ ಇಲ್ಲದಾಗ ಮರ ಸಲೀಸಾಗಿ ಕದಲುತ್ತೆ, ಹಾಗಾಗಿ ತಪ್ಪು ಕಾಣಲ್ಲ. ಸಾರ್, ನಾನು ಸೋತೆ ಅಂತ ಹೇಳ್ತಿದೀನಿ.”

“ಗೆದ್ದೆ ಅಂದಾಗ ಪುರಾವೆ ಕೇಳಿದ್ದೆ. ಸೋತೆ ಅಂದಾಗಲೂ ಕೇಳ್ತೀನಿ.”

ನನ್ನ ಪಾಲಿನ ಯಂತ್ರದ ಸಮಯ ಆ ತಿಂಗಳಿಗೆ ಮುಗಿದಿತ್ತು. ಅವರು ತಮ್ಮ ಪಾಲಿನದ್ದನ್ನು ಪೂರ್ತಿ ನನಗೆ ಬರೆದುಕೊಟ್ಟರು. ಹೊಸ ಕಾರ್ಡನ್ನು ತೂತು ಮಾಡಿಸಿ, ಹಳೆಯದನ್ನು ಕಿತ್ತು, ಪೆಟ್ಟಿಗೆಯನ್ನು ಆಪರೇಟರಿಗೆ ಕೊಟ್ಟೆ. ಮಧ್ಯಾಹ್ನ ಊಟಕ್ಕೂ ಹೋಗದೆ ಇಬ್ಬರೂ ಪ್ರಿಂಟರಿನ ಮುಂದೆ ನಿಂತೆವು. ಕಪಾಟಿನಿಂದ ತೆಗೆದ ಲೇಖನ ಮೇಷ್ಟ್ರ ಕಂಕುಳಲ್ಲಿತ್ತು.

ಕಾಗದ ಗಡಗಡನೆ ಹೊರಬರತೊಡಗಿತು. ಮೇಷ್ಟ್ರು ಅಂಕಿಗಳನ್ನು ಗಟ್ಟಿಯಾಗಿ ಓದತೊಡಗಿದರು. ಸೆಳೆತ ಕಮ್ಮಿಯಿದ್ದಾಗ ಮರ ಅಗಲ. ಸ್ವಲ್ಪ ಹೆಚ್ಚಾದಾಗ ಸ್ವಲ್ಪ ಕಮ್ಮಿ. ಇನ್ನೂ ಹೆಚ್ಚಾದಾಗ ಇನ್ನೂ ಸ್ವಲ್ಪ ಕಮ್ಮಿ. ಅವರ ಧ್ವನಿ ಏರುತ್ತಾ ಹೋಯಿತು. ಮುಂದಿನ ಸಾಲು ಬಂದಾಗ ಓದಲೇ ಇಲ್ಲ, ಬೆರಳಿಟ್ಟು ತೋರಿಸಿದರು. ಅಂಕಿ ಜಾರಿ ಬಾವಿಗೆ ಬಿದ್ದಂತೆ ಇಳಿದಿತ್ತು. ಮರ ಉಂಡೆಯಾಗಿತ್ತು.

“ಮುದುಡ್ತು” ಎಂದರು, ಪಿಸುದನಿಯಲ್ಲಿ.

ನಾನು ಪ್ರಿಂಟೌಟನ್ನು ಅವರ ಲೇಖನದ ಪಕ್ಕ ಹಿಡಿದೆ. ಮುದುಡಿದ್ದು ನಿಜ, ಆದರೆ ಅವರ ಲೆಕ್ಕ ಹೇಳಿದ್ದಕ್ಕಿಂತ ತಡವಾಗಿ, ಇನ್ನೂ ಜೋರಾದ ಸೆಳೆತದಲ್ಲಿ. ಅವರಿಗೂ ಅದು ಕಂಡಿತು.

“ಈ ವ್ಯತ್ಯಾಸ ಯಾರದು? ನಿನ್ನ ಯಂತ್ರದ್ದಾ, ನನ್ನ ಲೆಕ್ಕದ್ದಾ?”

ಹದಿನೈದು ದಿನದ ಹಿಂದಷ್ಟೇ ಇದೇ ಬಾಯಿ ಅವರನ್ನು ಕೂರಿಸಿತ್ತು. ಆದರೆ ಈ ಸಲ ಅಂಕಿ ನನ್ನ ಕೈಯಲ್ಲಿತ್ತು, ಪ್ರತಿ ಗರವನ್ನೂ ಬರೆದದ್ದು.

“ನಿಮ್ಮ ಲೆಕ್ಕದ್ದು ಸಾರ್. ಮೂರನೇ ಪುಟದಲ್ಲಿ ಕವಲುಗಳೆಲ್ಲ ಒಂದೇ ಉದ್ದ ಅಂತ ಹಿಡಿದಿದೀರಿ. ಯಂತ್ರದ ಮರದಲ್ಲಿ ಚಿಕ್ಕದು ದೊಡ್ಡದು ಎಲ್ಲ ಇದೆ.”

ಆಪರೇಟರ್ ಗಾಬರಿಯಾಗಿ ಅವರ ಮುಖ ನೋಡಿದ. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು, ಅಚ್ಚುಕಟ್ಟಾಗಿ ಟೈಪಾಗಿದ್ದ ಮೂರನೇ ಪುಟಕ್ಕೆ ಅಡ್ಡಗೆರೆ ಎಳೆದು, ಅದನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು.

“ಕೂತ್ಕೊ” ಎಂದರು. “ಸಾಬೀತು ಮಾಡು.”